ಕಂಡದ್ದು ಮತ್ತು ಊಹಿಸಿದ್ದು: ಭ್ರೂಣ ವರ್ಗಾವಣೆಯ ಕುರಿತು ಒಂದು ಜಿಜ್ಞಾಸೆ

ಪ್ರನಾಳ ಶಿಶು ಚಿಕಿತ್ಸೆಯ ಕೊನೆಯ ಹಂತವಾದ ಭ್ರೂಣ ವರ್ಗಾವಣೆ, ಅಂದರೆ ಪ್ರಯೋಗಾಲಯದಲ್ಲಿ ಕೆಲವು ದಿನ ಬೆಳೆಸಿದ ಭ್ರೂಣವನ್ನು ಮೆದುವಾದ ಸಣ್ಣ ನಳಿಕೆಯೊಂದರ ಮೂಲಕ ತಾಯಿಯ ಗರ್ಭಕೋಶದೊಳಗೆ ಇಳಿಸುವ ಕ್ರಿಯೆ, ಈಗ ಬಹುಮಟ್ಟಿಗೆ ಅಲ್ಟ್ರಾಸೌಂಡ್ ಸ್ಕ್ಯಾನಿಂಗ್ ಯಂತ್ರದ ಪರದೆಯನ್ನು ನೋಡುತ್ತಲೇ ನಡೆಯುತ್ತದೆ. ಬಸಿರು ನಿಲ್ಲುವುದೆಂಬುದು ಎಲ್ಲ ಕಾಲಗಳಲ್ಲೂ ಮರೆಯಲ್ಲಿ ನಡೆದು, ನಡೆದ ಎಷ್ಟೋ ದಿನಗಳ ಮೇಲೆ ಲಕ್ಷಣಗಳಿಂದ ಗೊತ್ತಾಗುವ ಸಂಗತಿಯಾಗಿತ್ತು. ಅದರ ಮೊದಲ ಹೆಜ್ಜೆಗೆ ವೈದ್ಯರು, ದಾದಿಯರು, ಒಮ್ಮೊಮ್ಮೆ ಗಂಡನೂ ಸೇರಿ ಹಲವು ಕಣ್ಣುಗಳು ಸಾಕ್ಷಿಯಾಗುವುದು ಮನುಷ್ಯಕುಲಕ್ಕೆ ತೀರ ಹೊಸದು. ಇದರಿಂದ ಏಳುವ ಪ್ರಶ್ನೆ ವೈದ್ಯಶಾಸ್ತ್ರದಲ್ಲಿ ಮುಗಿಯುವುದಿಲ್ಲ. ಕಣ್ಣೆದುರಿಗೇ ನಡೆದ ಈ ಕಾರ್ಯದಲ್ಲಿ ಮನುಷ್ಯನ ಪಾಲು ಎಷ್ಟು, ಅವನ ಅಳವಿಗೆ ಮೀರಿದ್ದು ಎಷ್ಟು, ಫಲ ದೊರೆಯದೆ ಹೋದಾಗ ಅದರ ಹೊಣೆಯನ್ನು ಯಾರ ಮೇಲೆ ಹೊರಿಸಬಹುದು, ಯಾರ ಮೇಲೆ ಹೊರಿಸಲೇಬಾರದು ಎಂಬುದನ್ನು ಧರ್ಮ ಮತ್ತು ದರ್ಶನಗಳ ನೆಲೆಯಲ್ಲಿ ನಿಂತು ಕೇಳಬೇಕಾಗಿದೆ.

ಕ್ರಿಯೆಯ ಸ್ವರೂಪವನ್ನು ಹತ್ತಿರದಿಂದ ನೋಡದೆ ಈ ಪ್ರಶ್ನೆಯನ್ನು ಎತ್ತಿಕೊಂಡರೆ ಚರ್ಚೆ ಗಾಳಿಯಲ್ಲಿ ತೇಲುತ್ತದೆ. ವರ್ಗಾವಣೆಯ ದಿನ ಹೆಂಗಸಿಗೆ ಸಾಕಷ್ಟು ನೀರು ಕುಡಿಸಿ, ಮೂತ್ರ ವಿಸರ್ಜಿಸದೆ ಮೂತ್ರಕೋಶ ತುಂಬಿರುವಂತೆಯೇ ಮಂಚದ ಮೇಲೆ ಮಲಗಿಸುತ್ತಾರೆ. ತುಂಬಿದ ಮೂತ್ರಕೋಶವು ಶಬ್ದದ ಅಲೆಗಳು ಒಳಗಿನ ಗರ್ಭಕೋಶದವರೆಗೆ ಸಲೀಸಾಗಿ ಸಾಗಲು ದಾರಿಯಾಗುವುದಲ್ಲದೆ, ಮುಂದಕ್ಕೆ ಬಾಗಿರುವ ಗರ್ಭಕೋಶವನ್ನು ತುಸು ನೇರಗೊಳಿಸಿ ನಳಿಕೆಯ ಹಾದಿಯನ್ನೂ ಸುಗಮಗೊಳಿಸುತ್ತದೆ. ಹೊಟ್ಟೆಯ ಮೇಲೆ ತಣ್ಣನೆಯ ಜೆಲ್ ಸವರಿ, ಈಗಾಗಲೇ ಬಿಗಿದುಕೊಂಡಿರುವ ಮೂತ್ರಕೋಶದ ಮೇಲೆಯೇ ಪ್ರೋಬ್ ಎಂಬ ಹಿಡಿಯನ್ನು ಒತ್ತಿ ಹಿಡಿದಾಗ, ಸೆಕೆಂಡಿಗೆ ಸುಮಾರು 20 ಲಕ್ಷದಿಂದ 50 ಲಕ್ಷ ಸಲ ಕಂಪಿಸುವ, ಮನುಷ್ಯನ ಕಿವಿಗೆ ಕೇಳಿಸದ ಶಬ್ದವು ಒಳಹೊಕ್ಕು, ಬೇರೆ ಬೇರೆ ಅಂಗಾಂಶಗಳ ಗಡಿಗಳಿಗೆ ತಾಗಿ ಮರಳಿ ಬಂದು, ಪರದೆಯ ಮೇಲೆ ಕಪ್ಪು, ಬೂದು, ಬಿಳಿ ಛಾಯೆಗಳ ಚಿತ್ರವಾಗುತ್ತದೆ. ಭ್ರೂಣಶಾಸ್ತ್ರಜ್ಞರು ಸೂಕ್ಷ್ಮದರ್ಶಕದ ಕೆಳಗೆ ಭ್ರೂಣವನ್ನು ಒಂದು ಹನಿಗಿಂತಲೂ ಕಡಿಮೆ ಪೋಷಕ ದ್ರವದೊಡನೆ ಕ್ಯಾಥೆಟರ್ ಎಂಬ ನಳಿಕೆಯೊಳಕ್ಕೆ ಎಳೆದುಕೊಳ್ಳುತ್ತಾರೆ. ಆ ದ್ರವದ ಆಚೀಚೆ ಸಾಮಾನ್ಯವಾಗಿ ಸ್ವಲ್ಪ ಗಾಳಿಯನ್ನೂ ಸೇರಿಸಿರುತ್ತಾರೆ. ವೈದ್ಯರು ಅದನ್ನು ಗರ್ಭಕಂಠದ ಮೂಲಕ ಒಳಗೆ ನಡೆಸಿ, ಗರ್ಭಕೋಶದ ಮೇಲ್ತುದಿಗೆ ತಾಗಿಸದೆ ಅದಕ್ಕಿಂತ ಒಂದೆರಡು ಸೆಂಟಿಮೀಟರ್ ಕೆಳಗೆ ನಿಲ್ಲಿಸಿ, ಮೆಲ್ಲಗೆ ಒತ್ತುತ್ತಾರೆ. ಆ ಗಳಿಗೆಯಲ್ಲಿ ಪರದೆಯ ಮೇಲೆ ಒಂದು ಬಿಳಿ ಚುಕ್ಕೆ ಮಿನುಗಿ ನಿಲ್ಲುತ್ತದೆ.

ಆ ಚುಕ್ಕೆಯನ್ನು ತೋರಿಸಿದಾಗ ದಂಪತಿಗಳು ಅದನ್ನೇ ತಮ್ಮ ಕೂಸೆಂದು ಭಾವಿಸುವುದು ಸಹಜ. ಆದರೆ ಆ ಚುಕ್ಕೆ ಭ್ರೂಣವಲ್ಲ. ಐದನೆಯ ದಿನದ ಭ್ರೂಣ ಕೂಡ ಒಂದು ಮಿಲಿಮೀಟರಿನ ಐದನೆಯ ಒಂದು ಭಾಗದಷ್ಟೇ ಇರುತ್ತದೆ. ಅದರ ಸಾಂದ್ರತೆ ಸುತ್ತಲಿನ ದ್ರವದ ಸಾಂದ್ರತೆಗೆ ಬಹಳ ಹತ್ತಿರವಾದ್ದರಿಂದ ಹೊಟ್ಟೆಯ ಮೇಲಿಂದ ಹಾಯಿಸಿದ ಶಬ್ದ ಅದನ್ನು ಗುರುತಿಸಲಾರದು. ಪರದೆಯ ಮೇಲೆ ಮಿನುಗುವುದು ದ್ರವದ ಜೊತೆ ಹೊರಬಿದ್ದ ಗಾಳಿಯ ಗುಳ್ಳೆ; ಗಾಳಿಯೂ ದ್ರವವೂ ಕೂಡುವ ಗಡಿಯಲ್ಲಿ ಶಬ್ದ ಬಲವಾಗಿ ಹಿಮ್ಮೆಟ್ಟುವುದರಿಂದ ಅದು ಬೆಳ್ಳಗೆ ಕಾಣುತ್ತದೆ. ಎಂದರೆ, ಇಷ್ಟೆಲ್ಲ ಉಪಕರಣಗಳ ನೆರವಿನಿಂದ ಇಷ್ಟು ಕಣ್ಣುಗಳು ಕಾದು ನೋಡಿದ ಆ ಕ್ಷಣದಲ್ಲೂ ಯಾವುದಕ್ಕಾಗಿ ಕಾದಿದ್ದರೋ ಅದನ್ನು ಯಾರೂ ಕಂಡಿರುವುದಿಲ್ಲ. ಈ ಒಂದು ಅಂಶ ಸರಿಯಾಗಿ ಮನಸ್ಸಿಗೆ ಇಳಿದರೆ ಉಳಿದ ತಾತ್ವಿಕ ವಿಚಾರ ತಾನಾಗಿ ದಾರಿ ಕಂಡುಕೊಳ್ಳುತ್ತದೆ.

ನ್ಯಾಯದರ್ಶನವು ಜ್ಞಾನಕ್ಕೆ ಸಾಧನವಾದುದನ್ನು ಪ್ರಮಾಣ ಎಂದು ಕರೆದು, ಅವುಗಳಲ್ಲಿ ಪ್ರತ್ಯಕ್ಷವನ್ನೂ ಅನುಮಾನವನ್ನೂ ಬೇರ್ಪಡಿಸುತ್ತದೆ. ಇಂದ್ರಿಯವು ವಸ್ತುವಿನೊಡನೆ ನೇರವಾಗಿ ಸಂಬಂಧ ಹೊಂದಿದಾಗ ಹುಟ್ಟುವ ಅರಿವು ಪ್ರತ್ಯಕ್ಷ. ಕಂಡ ಒಂದು ಗುರುತಿನಿಂದ ಕಾಣದ ಇನ್ನೊಂದನ್ನು ತಿಳಿಯುವುದು ಅನುಮಾನ. ಗುರುತಿಗೂ ಗುರುತಿಸಲ್ಪಡುವುದಕ್ಕೂ ಎಲ್ಲಿಯೂ ತಪ್ಪದ ಸಹಚಾರ ಇರಬೇಕು, ಅದಕ್ಕೆ ವ್ಯಾಪ್ತಿಯೆಂದು ಹೆಸರು. ಬೆಟ್ಟದ ಹೊಗೆಯಿಂದ ಬೆಂಕಿಯನ್ನು ತಿಳಿಯುವುದು ತರ್ಕದ ಪಾಠ ಹೇಳುವವರೆಲ್ಲರೂ ಕೊಡುವ ಉದಾಹರಣೆ. ಈ ಅಳತೆಗೋಲಿನಿಂದ ನೋಡಿದರೆ ವರ್ಗಾವಣೆಯ ಕೋಣೆಯಲ್ಲಿ ಪ್ರತ್ಯಕ್ಷವಾದದ್ದು ಗುಳ್ಳೆ ಮಾತ್ರ, ಭ್ರೂಣವು ಅದರ ಬಳಿಯಲ್ಲೇ ಇದೆ ಎಂಬುದು ಅನುಮಾನ. ಆ ಅನುಮಾನದ ಹಿಂದಿರುವ ವ್ಯಾಪ್ತಿಯೂ ಪೂರ್ಣವಾದುದಲ್ಲ, ಏಕೆಂದರೆ ಗುಳ್ಳೆ ಹೊರಬಂದರೂ ಭ್ರೂಣ ನಳಿಕೆಯ ಗೋಡೆಗೆ ಅಂಟಿಕೊಂಡು ಉಳಿಯುವುದುಂಟು. ಈ ಕಾರಣಕ್ಕಾಗಿಯೇ ವೈದ್ಯರು ಹೊರತೆಗೆದ ನಳಿಕೆಯನ್ನು ಭ್ರೂಣಶಾಸ್ತ್ರಜ್ಞರು ಮತ್ತೆ ಸೂಕ್ಷ್ಮದರ್ಶಕದ ಕೆಳಗೆ ತೊಳೆದು ನೋಡಿ, ಅದು ಖಾಲಿಯಾಗಿದೆಯೆಂದು ಹೇಳುವವರೆಗೆ ಹೆಂಗಸನ್ನು ಏಳಗೊಡುವುದಿಲ್ಲ. ಭ್ರೂಣ ಉಳಿದಿದ್ದರೆ ಮತ್ತೊಮ್ಮೆ ಇಳಿಸುತ್ತಾರೆ. ಗುಳ್ಳೆಯೆಂಬ ಗುರುತಿಗೆ ಖಾಲಿ ನಳಿಕೆಯೆಂಬ ಎರಡನೆಯ ಗುರುತನ್ನು ಸೇರಿಸಿ ಅನುಮಾನವನ್ನು ಗಟ್ಟಿಮಾಡುವ ಈ ಪದ್ಧತಿಯಲ್ಲಿ, ಪ್ರಾಚೀನ ತಾರ್ಕಿಕರು ಕಂಡಿದ್ದರೆ ಮೆಚ್ಚುತ್ತಿದ್ದ ಎಚ್ಚರವಿದೆ.

ಆದರೂ ಅಲ್ಟ್ರಾಸೌಂಡ್ ಯಂತ್ರದ ಆ ಕಣ್ಣಿನಿಂದ ಪ್ರಯೋಜನವೇ ಇಲ್ಲವೆಂದು ಹೇಳುವಂತಿಲ್ಲ. ಗ್ಲಾಸ್ಗೋ ನಗರದ ಇಯಾನ್ ಡೊನಾಲ್ಡ್ ಮತ್ತು ಅವರ ಸಂಗಡಿಗರು 1958ರಲ್ಲಿ ಹೊಟ್ಟೆಯೊಳಗಿನ ಗಡ್ಡೆಗಳನ್ನು ಶಬ್ದದಿಂದ ಚಿತ್ರಿಸಿ ತೋರಿಸಿದ ಮೇಲೆ ಈ ವಿದ್ಯೆ ಪ್ರಸೂತಿಶಾಸ್ತ್ರವನ್ನು ಹೊಕ್ಕಿತು. 1978ರ ಜುಲೈ 25ರಂದು ಇಂಗ್ಲೆಂಡಿನ ಓಲ್ಡ್‌ಹ್ಯಾಮ್‌ನಲ್ಲಿ ಲೂಯಿಸ್ ಬ್ರೌನ್ ಹುಟ್ಟಿದಾಗಲಾಗಲಿ, ಅದೇ ವರ್ಷದ ಅಕ್ಟೋಬರ್ 3ರಂದು ಕೋಲ್ಕತ್ತದಲ್ಲಿ ಸುಭಾಷ್ ಮುಖೋಪಾಧ್ಯಾಯರ ಪ್ರಯತ್ನದಿಂದ ದುರ್ಗಾ ಎಂಬ ಹೆಸರಿನ ಹೆಣ್ಣುಮಗು ಹುಟ್ಟಿದಾಗಲಾಗಲಿ, ಭ್ರೂಣವನ್ನು ಹೀಗೆ ಪರದೆ ನೋಡಿಕೊಂಡು ಇಳಿಸುವ ಕ್ರಮ ಇರಲಿಲ್ಲ. ಕೈಯ ಅನುಭವವೊಂದನ್ನೇ ನಂಬಿ, ನಳಿಕೆಯ ತುದಿ ಮೇಲ್ಗೋಡೆಗೆ ತಾಗಿತೆಂದು ಬೆರಳಿಗೆ ಅನಿಸಿದ ಕೂಡಲೇ ತುಸು ಹಿಂದಕ್ಕೆ ಎಳೆದು ಭ್ರೂಣವನ್ನು ಬಿಡುವ ಪದ್ಧತಿ ಬಹುಕಾಲ ನಡೆಯಿತು. ಹೀಗೆ ಗೋಡೆಗೆ ತಾಗುವುದೇ ಗರ್ಭಕೋಶದ ಸ್ನಾಯುಗಳನ್ನು ಕೆರಳಿಸಿ ಸಂಕೋಚನ ಎಬ್ಬಿಸುತ್ತದೆ ಎಂಬುದು ನಂತರ ತಿಳಿಯಿತು. ಸ್ಕ್ಯಾನಿಂಗ್ ನೋಡಿಕೊಂಡು ಭ್ರೂಣ ಇಳಿಸುವ ಕ್ರಮ 1985ರ ಹೊತ್ತಿಗೆ ವೈದ್ಯಕೀಯ ಪತ್ರಿಕೆಗಳಲ್ಲಿ ವರದಿಯಾಯಿತು. ಎರಡೂ ವಿಧಾನಗಳನ್ನು ಹೋಲಿಸಿದ ಪ್ರಯೋಗಗಳನ್ನು ಒಟ್ಟುಗೂಡಿಸಿ ಕಾಕ್ರೇನ್ ಸಂಸ್ಥೆ 2016ರಲ್ಲಿ ಪರಿಷ್ಕರಿಸಿ ಪ್ರಕಟಿಸಿದ ವಿಮರ್ಶೆ, ಕೈಯಂದಾಜಿಗಿಂತ ಕಣ್ಣಿನ ಮಾರ್ಗದರ್ಶನದಲ್ಲಿ ಬಸಿರು ನಿಲ್ಲುವ ಸಾಧ್ಯತೆ ಹೆಚ್ಚೆಂದು ಕಂಡಿತು. ಹೆಚ್ಚೆಂಬುದು ನಿಜ, ಖಚಿತವೆಂಬುದು ನಿಜವಲ್ಲ: ಭ್ರೂಣವನ್ನು ತಕ್ಕ ಜಾಗದಲ್ಲಿ ಇಟ್ಟ ಮೇಲೂ ಬಸಿರು ನಿಲ್ಲದ ವರ್ಗಾವಣೆಗಳು ಬಹಳ.

ಈ ಚಿಕಿತ್ಸೆಯನ್ನು ಅರಸಿ ಹೋಗುವವರ ಊರುಗಳ ಕಡೆಗೆ ಈಗ ಗಮನ ಹರಿಸಬೇಕು. ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳು ಒಂದೇ ಜಿಲ್ಲೆಗೆ ಸೇರಿದ್ದರೂ ಒಂದೇ ಬಗೆಯ ನೆಲವಲ್ಲ. 1997ರ ಆಗಸ್ಟ್ 15ರಂದು ಹೊಸ ಜಿಲ್ಲೆಯಾಗುವವರೆಗೆ ಚನ್ನಗಿರಿ ಮತ್ತು ಆಗ ನ್ಯಾಮತಿಯನ್ನೂ ಒಳಗೊಂಡಿದ್ದ ಹೊನ್ನಾಳಿ ಶಿವಮೊಗ್ಗಕ್ಕೂ, ಜಗಳೂರು ಚಿತ್ರದುರ್ಗಕ್ಕೂ ಸೇರಿದ್ದವು. ಚನ್ನಗಿರಿಯಲ್ಲಿ ಅಡಿಕೆ ತೋಟ, ಹೊನ್ನಾಳಿಯ ಅಂಚಿನಲ್ಲಿ ತುಂಗಭದ್ರೆ, ಜಗಳೂರಿನಲ್ಲಿ ಮಳೆಯನ್ನೇ ನಂಬಿದ ಬೆದ್ದಲು. ಆದರೆ ಮದುವೆಯಾಗಿ ಕೆಲವು ವರ್ಷ ಕಳೆದರೂ ಮಡಿಲು ತುಂಬದ ಹೆಣ್ಣಿನ ಪಾಡು ನಾಲ್ಕೂ ಕಡೆ ಬಹಳ ಬೇರೆಯಾಗಿಲ್ಲ. ಅರಳಿಕಟ್ಟೆಯ ನಾಗರಕಲ್ಲಿಗೆ ಪ್ರದಕ್ಷಿಣೆ, ಮರಕ್ಕೆ ಪುಟ್ಟ ತೊಟ್ಟಿಲು ಕಟ್ಟುವ ಹರಕೆ, ಕುಕ್ಕೆ ಸುಬ್ರಹ್ಮಣ್ಯದಲ್ಲಿ ಸರ್ಪಸಂಸ್ಕಾರ, ದರ್ಗಾಕ್ಕೆ ಹೊತ್ತ ಹರಕೆ, ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪದಲ್ಲಿ ಬಂಜಾರರು ಸಂತ ಸೇವಾಲಾಲರ ಸನ್ನಿಧಿಯಲ್ಲಿ ಮಾಡುವ ಬೇಡಿಕೆ, ಇವೆಲ್ಲವೂ ಆಸ್ಪತ್ರೆಯ ಜೊತೆಜೊತೆಗೇ ನಡೆಯುತ್ತವೆ. ಈ ಚಿಕಿತ್ಸೆಗೆ ಈ ಭಾಗದ ಜನ ದಾವಣಗೆರೆಗೋ ಶಿವಮೊಗ್ಗಕ್ಕೋ, ಅಲ್ಲಿಂದ ಮುಂದೆ ಹುಬ್ಬಳ್ಳಿ, ಬೆಂಗಳೂರುಗಳಿಗೋ ಹೋಗುತ್ತಾರೆ. ಹೋಗುವ ಕಾರಣವನ್ನು ನೆಂಟರಿಷ್ಟರಿಗೆ ಹೇಳದೆ ಬೇರೆ ನೆಪ ಹೇಳಿ ಬಸ್ಸು ಹತ್ತುವವರು ಅನೇಕರು.

ಈ ಮುಚ್ಚುಮರೆಗೆ ಅವಮಾನದ ಭಯ ಒಂದು ಕಾರಣವಾದರೆ, ಗರ್ಭವನ್ನು ಕೆಟ್ಟ ಕಣ್ಣಿನಿಂದ ಕಾಯಬೇಕೆಂಬ ಹಳೆಯ ನಂಬಿಕೆ ಇನ್ನೊಂದು. ಬಸಿರಿನ ಸುದ್ದಿಯನ್ನು ಮೂರು ತಿಂಗಳು ತುಂಬುವವರೆಗೆ ಹೊರಗೆ ಬಿಡದಿರುವುದು, ದೃಷ್ಟಿ ತಾಕೀತೆಂದು ಹೆದರುವುದು, ತಾಕಿತೆಂದು ತೋರಿದರೆ ಉಪ್ಪು ಮೆಣಸಿನಕಾಯಿ ಇಳಿ ತೆಗೆಯುವುದು ಈ ಸೀಮೆಯ ಮನೆಮನೆಯ ರೂಢಿ. ಎಳೆಯ ಜೀವಕ್ಕೆ ನೋಟವೇ ಅಪಾಯವೆಂದು ಬಗೆದ ಸಮಾಜದಲ್ಲಿ ಅದೇ ಜೀವವನ್ನು ಅದರ ಐದನೆಯ ದಿನದಲ್ಲೇ ಪರದೆಯ ಮೇಲೆ ಹುಡುಕುವ ಕ್ರಿಯೆಯನ್ನು ಹೆಣ್ಣುಮಕ್ಕಳು ಯಾವ ತಡೆಯೂ ಇಲ್ಲದೆ ಒಪ್ಪಿಕೊಂಡಿದ್ದಾರೆ. ಇದನ್ನು ನಂಬಿಕೆಯ ಸೋಲೆಂದು ಕಾಣುವ ಅಗತ್ಯವಿಲ್ಲ. ಕೆಡುಕು ಬಯಸುವ ನೋಟ ಮತ್ತು ಕಾಪಾಡಲು ನೋಡುವ ನೋಟ ಎರಡೂ ಒಂದೇ ಅಲ್ಲವೆಂಬ ತಿಳಿವಳಿಕೆ ಅವರಲ್ಲಿ ಇದ್ದೇ ಇದೆ. ದೇವರ ಮುಂದೆ ನಿಂತಾಗ ತಾವು ದೇವರನ್ನು ನೋಡುವುದಕ್ಕಿಂತ ದೇವರು ತಮ್ಮನ್ನು ನೋಡಲಿ ಎಂದು ಬೇಡುವವರಿಗೆ ಈ ವ್ಯತ್ಯಾಸವನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಪುರಾಣಗಳಲ್ಲಿಯೂ ಭ್ರೂಣದ ವರ್ಗಾವಣೆ ಇದೆಯೆಂದು ಹೇಳಿ ಈ ಚಿಕಿತ್ಸೆಗೆ ಪ್ರಾಚೀನತೆಯ ಮುದ್ರೆ ಒತ್ತುವ ಪ್ರಯತ್ನಗಳು ಆಗಾಗ ನಡೆಯುತ್ತವೆ. ಯೋಗಮಾಯೆಯು ದೇವಕಿಯ ಗರ್ಭವನ್ನು ರೋಹಿಣಿಯ ಒಡಲಿಗೆ ಸಾಗಿಸಿದಳೆಂಬ ಬಲರಾಮನ ಕಥೆ ಎಲ್ಲರಿಗೂ ಗೊತ್ತಿರುವುದೇ. ಮಹಾವೀರನ ಗರ್ಭವನ್ನು ಹರಿಣೇಗಮೇಷಿಯು ದೇವಾನಂದೆಯಿಂದ ತ್ರಿಶಲೆಗೆ ಬದಲಿಸಿದನೆಂದು ಶ್ವೇತಾಂಬರ ಜೈನರ ಕಲ್ಪಸೂತ್ರ ಹೇಳುತ್ತದೆ, ಕರ್ನಾಟಕದಲ್ಲಿ ಹೆಚ್ಚು ಸಂಖ್ಯೆಯಲ್ಲಿರುವ ದಿಗಂಬರರು ಅದನ್ನು ಒಪ್ಪುವುದಿಲ್ಲ. ಇಂಥ ಕಥೆಗಳನ್ನು ತಂತ್ರಜ್ಞಾನದ ದಾಖಲೆಗಳಾಗಿ ಓದುವುದು ಕಥೆಗೂ ತಂತ್ರಜ್ಞಾನಕ್ಕೂ ಅನ್ಯಾಯ. ಅಲ್ಲಿ ಸಾಗಿಸುವವರು ದೇವತೆಗಳು; ಅವರಿಗೆ ನೋಡಿ ಖಚಿತಪಡಿಸಿಕೊಳ್ಳುವ ಅಗತ್ಯವಿಲ್ಲ, ವಿಫಲತೆಯ ಭಯವೂ ಇಲ್ಲ. ಮನುಷ್ಯ ಮಾಡುವ ವರ್ಗಾವಣೆಯ ಧಾರ್ಮಿಕ ಅರ್ಥವೆಲ್ಲ ಅದು ವಿಫಲವಾಗಬಹುದು ಎಂಬುದರಲ್ಲಿಯೇ ಅಡಗಿದೆ.

ಪುರಾಣಕ್ಕಿಂತ ಆಯುರ್ವೇದದ ಸಂಹಿತೆಗಳು ಇಲ್ಲಿ ಹೆಚ್ಚು ಉಪಯುಕ್ತ. ಸುಶ್ರುತ ಸಂಹಿತೆಯ ಶಾರೀರಸ್ಥಾನವು ಗರ್ಭ ನಿಲ್ಲಲು ಋತು, ಕ್ಷೇತ್ರ, ಅಂಬು, ಬೀಜ ಎಂಬ ನಾಲ್ಕೂ ಕೂಡಬೇಕೆಂದು, ಮೊಳಕೆಯೊಡೆಯುವ ಬಿತ್ತಕ್ಕೆ ಹೋಲಿಸಿ ಹೇಳುತ್ತದೆ: ಋತುವೆಂದರೆ ತಕ್ಕ ಕಾಲ, ಕ್ಷೇತ್ರವೆಂದರೆ ಗರ್ಭಕೋಶ, ಅಂಬುವೆಂದರೆ ಪೋಷಿಸುವ ರಸ, ಬೀಜವೆಂದರೆ ಹೆಣ್ಣುಗಂಡುಗಳಿಬ್ಬರಿಂದಲೂ ಬರುವ ಧಾತು. ಜಗಳೂರಿನ ಬೆದ್ದಲು ಹೊಲದ ರೈತನಿಗೆ ಈ ಹೋಲಿಕೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಹದ ನೋಡಿ ಕೂರಿಗೆ ಹೂಡಿ, ಬೀಜ ತೀರ ಮೇಲೂ ತೀರ ಆಳಕ್ಕೂ ಬೀಳದಂತೆ ಬಟ್ಟಲಿನಿಂದ ಸಮನಾಗಿ ಬಿಟ್ಟರೂ, ಮೊಳಕೆ ಬರುವುದು ಕೂರಿಗೆಯ ಕೈಯಲ್ಲಿಲ್ಲವೆಂದು ಅವನಿಗೆ ಗೊತ್ತು. ಆದರೆ ಈ ಹೋಲಿಕೆಯ ಬಳಕೆಯಲ್ಲಿ ಒಂದು ದೊಡ್ಡ ಅಪಾಯ ಬೆಳೆದು ಬಂದಿದೆ. ಸುಶ್ರುತನ ನಾಲ್ಕು ಕಾರಣಗಳಲ್ಲಿ ಕ್ಷೇತ್ರವೊಂದನ್ನೇ ಹಿಡಿದುಕೊಂಡ ಲೋಕರೂಢಿ, ಬೆಳೆ ಬಾರದಿದ್ದರೆ ನೆಲವೇ ಬಂಜರು ಎಂದು ತೀರ್ಮಾನಿಸಿ, ಹೆಣ್ಣನ್ನು ಶುಭಕಾರ್ಯಗಳಿಂದ ದೂರವಿಟ್ಟಿತು. ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಸಿನ ಕಡೆಯ ಕಾರಣವೂ ಒಂಟಿಯಾಗಿಯೋ ಜೊತೆಗೂಡಿಯೋ ಇರುತ್ತದೆ. ಸರಿಯಾಗಿ ಇಟ್ಟ ಭ್ರೂಣ ಬೇರೂರದಿರಲು ಮುಖ್ಯ ಕಾರಣ, ಆ ಭ್ರೂಣದ ವರ್ಣತಂತುಗಳಲ್ಲಿ, ಅಂದರೆ ವಂಶಗುಣಗಳನ್ನು ಹೊತ್ತ ಎಳೆಗಳಲ್ಲಿ, ಆದ ಎಣಿಕೆಯ ಏರುಪೇರು. ಇದು ತಾಯಿಯ ವಯಸ್ಸಿನೊಡನೆ ಹೆಚ್ಚುತ್ತದೆಯೇ ಹೊರತು ಆಕೆಯ ನಡತೆಗೂ ಇದಕ್ಕೂ ಯಾವ ನಂಟೂ ಇಲ್ಲ.

ನಡತೆಯನ್ನು ಕೆದಕುವ ಚಾಳಿಗೆ ಕರ್ಮಸಿದ್ಧಾಂತದ ಒಂದು ತಪ್ಪು ಗ್ರಹಿಕೆ ನೀರೆರೆದಿದೆ. ವೈಶೇಷಿಕ ದರ್ಶನದಲ್ಲಿ ಅದೃಷ್ಟವೆಂಬ ಒಂದು ಕಾರಣವಿದೆ. ಹಿಂದೆ ಮಾಡಿದ ಪುಣ್ಯಪಾಪಗಳಿಂದ ಆತ್ಮದಲ್ಲಿ ಉಳಿದು, ಗೊತ್ತಿರುವ ಕಾರಣಗಳಿಂದ ವಿವರಿಸಲಾಗದ ಫಲಗಳಿಗೆ ಕಾರಣವಾಗುವ ಶಕ್ತಿ ಎಂದು ಅದನ್ನು ವಿವರಿಸಬಹುದು. ಅಯಸ್ಕಾಂತದ ಕಡೆಗೆ ಸೂಜಿ ಸರಿಯುವುದಕ್ಕೂ, ಮರದೊಳಗೆ ರಸ ಮೇಲೇರುವುದಕ್ಕೂ ಆ ದರ್ಶನದ ಮೂಲವಾದ ಕಣಾದನ ಸೂತ್ರಗಳು ಅದೃಷ್ಟವನ್ನೇ ಕಾರಣವಾಗಿ ಹೇಳಿದವು. ಇಂದು ಆ ಎರಡಕ್ಕೂ ಬೇರೆ ಕಾರಣಗಳು ತಿಳಿದಿರುವುದರಿಂದ, ಅಲ್ಲಿಂದ ಅದೃಷ್ಟವನ್ನು ಹಿಂತೆಗೆದುಕೊಂಡರೆ ದರ್ಶನಕ್ಕೆ ಯಾವ ನಷ್ಟವೂ ಇಲ್ಲ. ಗರ್ಭದ ವಿಷಯದಲ್ಲಿಯೂ ಇದೇ ವಿವೇಕ ಬೇಕು. ವರ್ಣತಂತುವಿನ ಏರುಪೇರು ತಿಳಿದಿರುವ ಕಡೆ ಹೆಣ್ಣಿನ ಪೂರ್ವಜನ್ಮವನ್ನು ತಂದು ನಿಲ್ಲಿಸುವುದು ಧರ್ಮನಿಷ್ಠೆಯಾಗುವುದಿಲ್ಲ, ತಿಳಿದ ಕಾರಣವನ್ನು ತಿಳಿಯದಂತೆ ನಟಿಸಿದಂತಾಗುತ್ತದೆ. ಯಾರ ಕರ್ಮ ಯಾವ ಫಲ ಕೊಟ್ಟಿತೆಂದು ನಿಷ್ಕರ್ಷಿಸುವ ಅಧಿಕಾರವನ್ನು ಯಾವ ದರ್ಶನವೂ ನೆರೆಮನೆಯವರಿಗೆ ಕೊಟ್ಟಿಲ್ಲ.

ಹೊಣೆಯ ಪ್ರಶ್ನೆಗೆ ಇನ್ನೂ ಸೂಕ್ಷ್ಮವಾದ ಉತ್ತರ ಭಗವದ್ಗೀತೆಯ ಹದಿನೆಂಟನೆಯ ಅಧ್ಯಾಯದಲ್ಲಿ ಸಿಗುತ್ತದೆ. ಯಾವುದೇ ಕರ್ಮ ಸಿದ್ಧಿಸಲು ಐದು ಕಾರಣಗಳು ಕೂಡಬೇಕೆಂದು ಅಲ್ಲಿ ಹೇಳಲಾಗಿದೆ: ಕರ್ಮಕ್ಕೆ ನೆಲೆಯಾದ ಅಧಿಷ್ಠಾನ, ಮಾಡುವ ಕರ್ತೃ, ನಾನಾ ಬಗೆಯ ಸಾಧನಗಳಾದ ಕರಣ, ಬೇರೆ ಬೇರೆ ಚಲನೆಗಳಾದ ಚೇಷ್ಟೆ, ಐದನೆಯದಾಗಿ ದೈವ. ಇಷ್ಟು ಇರುವಾಗ ತಾನೊಬ್ಬನೇ ಕರ್ತೃವೆಂದು ಬಗೆಯುವವನು ಸರಿಯಾಗಿ ಕಾಣುವವನಲ್ಲ ಎಂಬುದು ಅದರ ಮುಂದಿನ ಮಾತಿನ ಸಾರ. ಭ್ರೂಣ ವರ್ಗಾವಣೆಗೆ ಈ ವಿಂಗಡಣೆ ಎಷ್ಟು ಸಹಜವಾಗಿ ಹೊಂದುತ್ತದೆಂದರೆ, ಗರ್ಭಕೋಶ ಅಧಿಷ್ಠಾನ, ವೈದ್ಯ ಮತ್ತು ಭ್ರೂಣಶಾಸ್ತ್ರಜ್ಞರು ಕರ್ತೃಗಳು, ನಳಿಕೆಯೂ ಸ್ಕ್ಯಾನಿಂಗ್ ಯಂತ್ರವೂ ಕರಣಗಳು, ಮೇಲ್ಗೋಡೆಗೆ ತಾಗದಂತೆ ತಡೆದು ನಿಲ್ಲುವ ಕೈಯ ಹದವೇ ಚೇಷ್ಟೆ. ಈ ನಾಲ್ಕನ್ನೂ ಯಂತ್ರದ ಕಣ್ಣು ತೋರಿಸುತ್ತದೆ, ತಿದ್ದುತ್ತದೆ. ಐದನೆಯದರ ಬಳಿಗೆ ಅದು ಹೋಗಲಾರದು. ಆ ಐದನೆಯದು ಏನೆಂಬ ಬಗ್ಗೆ ಭಾಷ್ಯಕಾರರಲ್ಲಿ ಒಮ್ಮತವಿಲ್ಲ. ಶಂಕರರು ದೈವವನ್ನು ಕಣ್ಣು ಮೊದಲಾದ ಇಂದ್ರಿಯಗಳಿಗೆ ಅನುಗ್ರಹ ಮಾಡುವ ಆದಿತ್ಯ ಮುಂತಾದ ದೇವತೆಗಳೆಂದು ವಿವರಿಸುತ್ತಾರೆ. ರಾಮಾನುಜರು ಒಳಗಿದ್ದು ನಡೆಸುವ ಅಂತರ್ಯಾಮಿಯಾದ ಪರಮಾತ್ಮನೇ ಇಲ್ಲಿ ಮುಖ್ಯ ಕಾರಣವೆನ್ನುತ್ತಾರೆ. ಮಧ್ವರ ದರ್ಶನದಲ್ಲಿ ಜೀವನಿಗೆ ಕರ್ತೃತ್ವ ಇದೆ, ಆದರೆ ಅದು ಪರಾಧೀನವಾದುದು, ಹರಿಯ ಇಚ್ಛೆಗೆ ಒಳಪಟ್ಟದ್ದು.

ಈ ಮೂರರಲ್ಲಿ ಯಾವುದನ್ನು ಒಪ್ಪಿದರೂ, ಮೂರನ್ನೂ ಒಪ್ಪದೆ ದೈವವೆಂಬುದನ್ನು ಜೀವಕೋಶಗಳ ಆಂತರಿಕ ನಡೆಯೆಂದು ತಿಳಿದರೂ, ಎರಡು ಫಲಿತಗಳು ಒಂದೇ ಆಗಿ ಉಳಿಯುತ್ತವೆ. ವೈದ್ಯನು ತನ್ನ ನಾಲ್ಕು ಕಾರಣಗಳನ್ನು ಅತ್ಯಂತ ಶ್ರದ್ಧೆಯಿಂದ ನೆರವೇರಿಸಬೇಕು, ಏಕೆಂದರೆ ಅವು ಅವನ ಕೈಯಲ್ಲಿವೆ. ಕಣ್ಣಿನ ಸಹಾಯ ಸಿಗುವಾಗ ಅದನ್ನು ಬಿಟ್ಟು ಬರಿಯ ಅಂದಾಜಿನಲ್ಲಿ ಭ್ರೂಣ ಇಳಿಸಿ, ಆಮೇಲೆ ದೈವೇಚ್ಛೆಯೆಂದು ಹೇಳುವುದು ದೈವದ ಹೆಸರಿನಲ್ಲಿ ಮಾಡುವ ಆಲಸ್ಯ. ಒಂಟಿ ಗಾಲಿಯಿಂದ ರಥ ಸಾಗದಂತೆ ಪುರುಷಪ್ರಯತ್ನವಿಲ್ಲದೆ ದೈವವೂ ಸಿದ್ಧಿಸದು ಎಂಬ ಯಾಜ್ಞವಲ್ಕ್ಯ ಸ್ಮೃತಿಯ ಅಭಿಪ್ರಾಯ ಇದಕ್ಕೆ ಬೆಂಬಲವಾಗಿದೆ. ಎರಡನೆಯದು ಇದಕ್ಕಿಂತ ಮುಖ್ಯ. ಆ ನಾಲ್ಕು ಕಾರಣಗಳ ಪಟ್ಟಿಯಲ್ಲಿ ಮಂಚದ ಮೇಲೆ ಮಲಗಿದ ಹೆಂಗಸು ಮಾಡಬೇಕಾದದ್ದೆಲ್ಲ ಆಕೆ ಏಳುವ ಮೊದಲೇ ಮುಗಿದಿರುತ್ತದೆ. ತಿಂಗಳುಗಟ್ಟಲೆ ಚುಚ್ಚುಮದ್ದು, ಅಂಡಾಣು ತೆಗೆಸಿಕೊಂಡ ನೋವು, ಸಾಲ ಮಾಡಿಯೋ ಒಡವೆ ಅಡವಿಟ್ಟೋ ಹೊಂದಿಸಿದ ಹಣ, ತುಂಬಿದ ಮೂತ್ರಕೋಶದ ಮೇಲಿನ ಒತ್ತಡವನ್ನು ಹಲ್ಲು ಕಚ್ಚಿ ತಡೆದುಕೊಂಡ ಆ ಗಳಿಗೆ, ಇವುಗಳ ನಂತರ ಆಕೆಯ ಮೇಲೆ ಹೊಸ ಹೊಣೆ ಹೊರಿಸಲು ಏನೂ ಉಳಿದಿರುವುದಿಲ್ಲ.

ಆದರೂ ಹೊರಿಸುತ್ತಾರೆ. ವರ್ಗಾವಣೆಯಾದ ದಿನದಿಂದ ರಕ್ತಪರೀಕ್ಷೆಯ ದಿನದವರೆಗಿನ ಸುಮಾರು ಎರಡು ವಾರಗಳಲ್ಲಿ ಆಕೆ ಮೆಟ್ಟಿಲು ಹತ್ತಿದಳು, ಕೊಡ ಎತ್ತಿದಳು, ಜೋರಾಗಿ ಸೀನಿದಳು, ದಾವಣಗೆರೆಯಿಂದ ಜಗಳೂರಿಗೆ ಬಸ್ಸಿನಲ್ಲಿ ಕುಲುಕಾಡಿಕೊಂಡು ಬಂದಳು ಎಂದು ಮನೆಯವರು ಎಣಿಸಿಡುತ್ತಾರೆ, ಪರೀಕ್ಷೆಯಲ್ಲಿ ಬಸಿರಿಲ್ಲವೆಂದು ಬಂದಾಗ ಆ ಎಣಿಕೆ ದೋಷಾರೋಪದ ಪಟ್ಟಿಯಾಗುತ್ತದೆ; ಎಷ್ಟೋ ಸಲ ಆ ಪಟ್ಟಿಯನ್ನು ಬರೆಯುವವಳು ಸ್ವತಃ ಆಕೆಯೇ. ಈ ಜಾಗದಲ್ಲಿ ಅಲ್ಟ್ರಾಸೌಂಡಿನ ಅಪೂರ್ಣ ಕಣ್ಣು ತಾನು ಮಾಡಬಹುದಾದ ದೊಡ್ಡ ಉಪಕಾರವೊಂದನ್ನು ಮಾಡಿದೆ. ಗರ್ಭಕೋಶದ ಒಳಗು ಖಾಲಿ ಮಡಕೆಯಂತೆ ತೆರೆದಿರುತ್ತದೆ, ನಿಂತರೆ ಒಳಗಿದ್ದುದು ಜಾರಿ ಬೀಳುತ್ತದೆ ಎಂಬುದು ಜನರ ಕಲ್ಪನೆ. ನಿಜದಲ್ಲಿ ಅದರ ಮುಂದಿನ ಮತ್ತು ಹಿಂದಿನ ಗೋಡೆಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ, ಅವುಗಳ ನಡುವೆ ತೆಳುವಾದ ದ್ರವದ ಲೇಪವಿರುತ್ತದೆ, ಭ್ರೂಣ ಕೂರುವುದು ಆ ಲೇಪದೊಳಗೆ. 1998ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ವರ್ಗಾವಣೆ ಮುಗಿದ ಕೂಡಲೇ ಹೆಂಗಸರನ್ನು ಎಬ್ಬಿಸಿ ನಿಲ್ಲಿಸಿ ಮತ್ತೆ ಸ್ಕ್ಯಾನಿಂಗ್ ಮಾಡಿ ನೋಡಿದಾಗ, ಬಹುಪಾಲು ಜನರಲ್ಲಿ ಗಾಳಿಯ ಗುಳ್ಳೆ ಇಟ್ಟ ಜಾಗದಿಂದ ಕದಲಿರಲಿಲ್ಲ. ವರ್ಗಾವಣೆಯ ನಂತರ ಹಾಸಿಗೆ ಹಿಡಿದು ಮಲಗುವುದರಿಂದ ಲಾಭವಿಲ್ಲವೆಂದು ಮುಂದಿನ ಪ್ರಯೋಗಗಳೂ ತೋರಿಸಿವೆ, ಅಮೆರಿಕದ ಸಂತಾನೋತ್ಪತ್ತಿ ವೈದ್ಯರ ಸಂಘದ 2017ರ ಮಾರ್ಗಸೂಚಿಯೂ ಅದನ್ನೇ ಹೇಳುತ್ತದೆ. ನಿರಪರಾಧಿಯೊಬ್ಬಳ ಪರವಾಗಿ ಸಾಕ್ಷಿ ನುಡಿಯುವ ಆ ಗುಳ್ಳೆಗೆ ಇರುವ ಧಾರ್ಮಿಕ ಬೆಲೆ, ಅದು ಭ್ರೂಣವನ್ನೇ ತೋರಿಸಿದ್ದರೆ ಬರುತ್ತಿದ್ದ ಬೆಲೆಗಿಂತ ಕಡಿಮೆಯದಲ್ಲ.

ಚನ್ನಗಿರಿ ಸೀಮೆಗೆ ಇಂಥ ಆರೋಪದ ಹಳೆಯ ನೆನಪೊಂದಿದೆ. ಶಾಂತಿಸಾಗರವೆಂದು ಹೆಸರಾದ ಸೂಳೆಕೆರೆಯ ಐತಿಹ್ಯದಲ್ಲಿ, ಮಕ್ಕಳಿಲ್ಲದ ಅರಸನ ಮನೆಗೆ ಬಂದ ಶಾಂತವ್ವ ತನ್ನ ನಡತೆಯ ಮೇಲೆ ಹೊರಿಸಿದ ಅಪವಾದಕ್ಕೆ ಪ್ರಾಯಶ್ಚಿತ್ತವಾಗಿ ಆ ಕೆರೆಯನ್ನು ಕಟ್ಟಿಸಿದಳೆಂದು ಜನ ಹೇಳುತ್ತಾರೆ. ಆರೋಪ ಹೊರಿಸಿದವರು ಪ್ರಾಯಶ್ಚಿತ್ತ ಮಾಡಿಕೊಂಡ ಕಥೆ ಆ ಸೀಮೆಯಲ್ಲಿ ಹುಟ್ಟಲಿಲ್ಲ ಎಂಬುದನ್ನೂ ಗಮನಿಸಬೇಕು.

ಯಂತ್ರದ ಕಣ್ಣಿಗೆ ಇನ್ನೊಂದು ಮುಖವೂ ಇದೆ, ಅದನ್ನು ಮರೆತು ಅದರ ಗುಣಗಾನ ಮಾಡುವುದು ಸಲ್ಲದು. ಭ್ರೂಣವನ್ನು ಕಾಪಾಡಿ ಇಳಿಸಲು ನೆರವಾಗುವ ಅದೇ ಅಲ್ಟ್ರಾಸೌಂಡ್, ಹೊಟ್ಟೆಯಲ್ಲಿರುವುದು ಹೆಣ್ಣೆಂದು ತಿಳಿದು ಕೊಲ್ಲಲೂ ಬಳಕೆಯಾಗಿದೆ. ಇದನ್ನು ತಡೆಯಲು 1994ರಲ್ಲಿ ರೂಪಿಸಿ 2003ರಲ್ಲಿ ಬಿಗಿಗೊಳಿಸಿದ ಕಾಯ್ದೆ, ಪ್ರತಿ ಯಂತ್ರವನ್ನೂ ನೋಂದಾಯಿಸಬೇಕೆಂದೂ, ಲಿಂಗ ತಿಳಿಸುವುದು ಅಪರಾಧವೆಂಬ ಫಲಕವನ್ನು ಆಡುಭಾಷೆಯಲ್ಲಿಯೂ ತೂಗುಹಾಕಬೇಕೆಂದೂ ವಿಧಿಸುತ್ತದೆ. ಆದರೂ 2023ರ ನವೆಂಬರಿನಲ್ಲಿ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಯಂತ್ರವಿಟ್ಟು ಭ್ರೂಣಲಿಂಗ ಪತ್ತೆ ಮಾಡುತ್ತಿದ್ದ ಜಾಲ ಬಯಲಾಯಿತು. ಬೆಲ್ಲ ಕಾಯಿಸುವ ಜಾಗದಲ್ಲಿ ಹೆಣ್ಣುಕೂಸುಗಳ ತೀರ್ಪು ನಡೆಯುತ್ತಿತ್ತೆಂಬುದು ನೆನೆದರೆ ಮೈ ನಡುಗುವ ಸಂಗತಿ. ಒಂದು ಕೂಸಿಗಾಗಿ ಹೊಲ ಮಾರುವವರೂ ಬಂದ ಕೂಸನ್ನು ಹೆಣ್ಣೆಂದು ತೆಗೆಸುವವರೂ ಒಂದೇ ನಾಡಿನವರಾಗಿರುವಾಗ, ಕಾಣುವ ಶಕ್ತಿ ತಾನಾಗಿ ಪುಣ್ಯವೂ ಅಲ್ಲ ಪಾಪವೂ ಅಲ್ಲ. ಏನನ್ನು ನೋಡಲು ತನಗೆ ಹಕ್ಕಿದೆ, ಏನನ್ನು ನೋಡದೆ ಬಿಡಬೇಕು ಎಂಬ ಸಂಯಮವಿಲ್ಲದ ನೋಟಕ್ಕೆ ಧರ್ಮದಲ್ಲಿ ಸ್ಥಾನವಿಲ್ಲ.

ಇಳಿಸಿದ ಆ ಕಣದಲ್ಲಿ ಜೀವ ಇದೆಯೋ, ಇದ್ದರೆ ಯಾವಾಗ ಬಂತು ಎಂಬ ಪ್ರಶ್ನೆಗೆ ಧರ್ಮಗಳು ಒಂದೇ ಉತ್ತರ ಕೊಡುವುದಿಲ್ಲ. ಕ್ಯಾಥೊಲಿಕ್ ಸಭೆಯು 1987ರ ತನ್ನ ಬೋಧನಾ ಪತ್ರದಲ್ಲಿ, ಫಲಗೊಂಡ ಗಳಿಗೆಯಿಂದಲೇ ಭ್ರೂಣವನ್ನು ವ್ಯಕ್ತಿಯಂತೆ ಗೌರವಿಸಬೇಕೆಂದೂ, ಸಂತಾನವನ್ನು ದಾಂಪತ್ಯದ ಮಿಲನದಿಂದ ಬೇರ್ಪಡಿಸುವ ಈ ವಿಧಾನವೇ ಸಲ್ಲದೆಂದೂ ಹೇಳಿತು. ಈಜಿಪ್ಟಿನ ಅಲ್ ಅಜ್‌ಹರ್ 1980ರಲ್ಲಿ ಹೊರಡಿಸಿದ ಫತ್ವಾ, ಗಂಡಹೆಂಡತಿಯ ಬೀಜವನ್ನೇ ಬಳಸುವುದಾದರೆ, ಮೂರನೆಯವರು ನಡುವೆ ಬಾರದಿದ್ದರೆ ಅಡ್ಡಿಯಿಲ್ಲವೆಂದಿತು. ರೂಹು ಅಂದರೆ ಆತ್ಮ ಭ್ರೂಣವನ್ನು ಸೇರುವುದು 120 ದಿನಗಳ ನಂತರವೆಂದು ಅನೇಕ ಇಸ್ಲಾಮೀ ವಿದ್ವಾಂಸರು ತಿಳಿಯುತ್ತಾರೆ. ಚರಕ ಸಂಹಿತೆ ಶುಕ್ರ ಶೋಣಿತಗಳ ಜೊತೆ ಜೀವವೂ ಕೂಡಿದಾಗಲೇ ಅದು ಗರ್ಭವೆನಿಸುತ್ತದೆ ಎನ್ನುತ್ತದೆ, ಮತ್ತು ಗರ್ಭವು ತಾಯಿ, ತಂದೆ, ಆತ್ಮ, ಮೈಗೆ ಒಗ್ಗುವ ಆಹಾರ ನಡೆಗಳಾದ ಸಾತ್ಮ್ಯ, ಆಹಾರದ ಸಾರವಾದ ರಸ, ಮನಸ್ಸಾದ ಸತ್ತ್ವ ಎಂಬ ಆರರಿಂದ ಉಂಟಾಗುತ್ತದೆಂದು ವಿವರಿಸಿ ಇಡೀ ಹೊಣೆಯನ್ನು ಯಾರೊಬ್ಬರಿಗೂ ಕೊಡುವುದಿಲ್ಲ. ಹೊನ್ನಾಳಿಯ ಹಿರೇಕಲ್ಮಠದಂಥ ಮಠಗಳ ಪರಂಪರೆ ಬೇರೂರಿರುವ ಈ ಸೀಮೆಯ ವೀರಶೈವ ಲಿಂಗಾಯತರಲ್ಲಿ, ಬಸಿರಿಯ ಎಂಟನೆಯ ತಿಂಗಳಲ್ಲಿ ಗರ್ಭದೊಳಗಿನ ಶಿಶುವಿಗಾಗಿ ಲಿಂಗಧಾರಣೆ ಮಾಡುವ ಸಂಸ್ಕಾರವಿದೆ. ಹುಟ್ಟುವ ಮೊದಲೇ ಶಿಶುವನ್ನು ಭಕ್ತನೆಂದು ಸ್ವೀಕರಿಸುವ ಈ ಕ್ರಮ, ಜೀವ ಯಾವ ದಿನ ಬಂತೆಂಬ ಲೆಕ್ಕಕ್ಕಿಂತ ಬಂದ ಜೀವವನ್ನು ಸಮುದಾಯ ಹೇಗೆ ಬರಮಾಡಿಕೊಳ್ಳಬೇಕೆಂಬುದಕ್ಕೆ ಹೆಚ್ಚು ಒತ್ತು ಕೊಡುತ್ತದೆ. ಇಳಿಸದೆ ಉಳಿದು ಶೈತ್ಯದಲ್ಲಿ ಕಾಯ್ದಿಟ್ಟ ಭ್ರೂಣಗಳ ಬಗ್ಗೆ, ಇಂಥ ಚಿಕಿತ್ಸೆಗಳನ್ನು ಕುರಿತ ಭಾರತದ 2021ರ ಕಾಯ್ದೆ ಹತ್ತು ವರ್ಷಗಳ ಗಡಿ ಹಾಕಿದೆ. ಹಣ ಕಟ್ಟಲಾಗದೆ ಅವನ್ನು ಬಿಟ್ಟುಕೊಡುವ ದಂಪತಿಗಳ ಮನಸ್ಸಿಗೆ ಸಮಾಧಾನ ಹೇಳುವ ಕೆಲಸವನ್ನು ಮಠಗಳೂ ಮಸೀದಿಗಳೂ ಇನ್ನು ಮುಂದೆ ಕೈಗೆತ್ತಿಕೊಳ್ಳಬೇಕಾದೀತು.

ವರ್ಗಾವಣೆ ಮುಗಿಸಿದ ವೈದ್ಯರು ಹೆಂಗಸಿಗೆ ಹೇಳುವ ಮೊದಲ ಮಾತಿನಲ್ಲಿ ಈ ವಿಚಾರವೆಲ್ಲ ಕೂಡಿ ಬರುತ್ತದೆ. ಭ್ರೂಣವನ್ನು ತಕ್ಕ ಜಾಗದಲ್ಲಿ ಇಟ್ಟಿದ್ದೇವೆ, ನಳಿಕೆ ಖಾಲಿಯಾಗಿದೆ, ಪರದೆಯ ಮೇಲಿನ ಚುಕ್ಕೆ ಗಾಳಿಯ ಗುರುತು, ಎದ್ದು ನಡೆದರೆ ಅದು ಜಾರುವುದಿಲ್ಲ, ಮುಂದೆ ನಿಲ್ಲುವುದೂ ನಿಲ್ಲದಿರುವುದೂ ನಿಮ್ಮ ಕೈಯಲ್ಲಿಯೂ ನಮ್ಮ ಕೈಯಲ್ಲಿಯೂ ಇಲ್ಲ ಎಂದು ಹೇಳಿದರೆ ಅದರಲ್ಲಿ ಒಂದಕ್ಷರ ಸುಳ್ಳಿಲ್ಲ. ಈ ಮಾತನ್ನು ಆಕೆಯೊಬ್ಬಳಿಗೆ ಹೇಳಿ ಕಳಿಸುವುದು ಸಾಲದು. ಹೊರಗೆ ಬೆಂಚಿನ ಮೇಲೆ ಕಾಯುತ್ತಿರುವ ಅತ್ತೆಯನ್ನೂ ಗಂಡನನ್ನೂ ಒಳಗೆ ಕರೆದು, ಅದೇ ಪರದೆಯನ್ನು ತೋರಿಸಿ, ಕನ್ನಡದಲ್ಲಿ ಹೇಳಬೇಕು.